ಹಿರಿಯರ ಮಾತು ದಾಖಲಿಸಲು ಎಂಥ ಮೈಕ್ ಸೂಕ್ತ?

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ಬಳಿ ಟಿಬೆಟನ್ ಕಾಲೊನಿ ತಲೆಯೆತ್ತಿದ್ದು 1966ರಲ್ಲಿ. 1959ರಲ್ಲಿ ಹಿಮಾಲಯ ದಾಟಿ ಬಂದಾಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಂಬತ್ತೈದು ಮೀರಿದೆ. ಅಮೆರಿಕದ ಟಿಬೆಟ್ ಓರಲ್ ಹಿಸ್ಟರಿ ಪ್ರಾಜೆಕ್ಟ್ 2010ರಲ್ಲಿ ಇಲ್ಲಿಯ ಹಲವು ಹಿರಿಯರನ್ನು ಸಂದರ್ಶಿಸಿ ದಾಖಲಿಸಿತು. ಉಳಿದವರ ಮಾತನ್ನು ಹಿಡಿದಿಡುವ ಹೊಣೆ ಅವರವರ ಮನೆಯವರದು. ಅಜ್ಜ-ಅಜ್ಜಿಯರ ನೆನಪುಗಳನ್ನು ಮೊಬೈಲ್‌ನಲ್ಲಿ ತುಂಬಿಕೊಳ್ಳಲು ಹೊರಟ ಕನ್ನಡದ ಮನೆಗಳ ಸಮಸ್ಯೆಯೂ ಇದೇ ಆಗಿದೆ.

ಇಂಥ ಮುದ್ರಣಗಳು ಹಾಳಾಗುವುದು ಬಹುಪಾಲು ಅಗ್ಗದ ಮೈಕ್‌ನಿಂದಲ್ಲ, ದೂರದಿಂದ. ಮೈಕ್ ಮತ್ತು ಬಾಯಿಯ ಅಂತರವನ್ನು ಅರ್ಧಕ್ಕಿಳಿಸಿದರೆ ಮಾತಿನ ಮಟ್ಟ ಸುಮಾರು 6 ಡೆಸಿಬಲ್ ಏರುತ್ತದೆ. ಫ್ಯಾನಿನ ಸದ್ದು, ಗೋಡೆಯ ಪ್ರತಿಧ್ವನಿ ಮಾತ್ರ ಇದ್ದಲ್ಲೇ ಇರುತ್ತವೆ. ಆದ್ದರಿಂದ ಮೇಜಿನ ಮೇಲೆ ದೂರದಲ್ಲಿಟ್ಟ ದುಬಾರಿ ಮೈಕ್‌ಗಿಂತ ಅಂಗಿಗೆ ಸಿಕ್ಕಿಸಿದ ಸಾಮಾನ್ಯ ಕಾಲರ್ ಮೈಕ್ ಮೇಲು. ವೃದ್ಧರಿಗೆ ಅದು ಇನ್ನೊಂದು ಕಾರಣಕ್ಕೂ ಒಳ್ಳೆಯದು: ಮುಖದ ಮುಂದೆ ಕೋಲಿನಂತೆ ನಿಂತ ಮೈಕ್ ಕಂಡರೆ ಅವರ ಮಾತೇ ಕಟ್ಟಿಹೋಗುತ್ತದೆ. ಬಟ್ಟೆ, ಮಣಿಸರ ತಾಗದಂತೆ ಎಚ್ಚರ ವಹಿಸಿದರಾಯಿತು.

ನಿಲ್ಲಿಸುವ ಮೈಕ್‌ಗಳಲ್ಲಿ ಡೈನಮಿಕ್ ಮತ್ತು ಕಂಡೆನ್ಸರ್ ಎಂಬ ಎರಡು ಬಗೆಗಳುಂಟು. ಕಂಡೆನ್ಸರ್ ಹೆಚ್ಚು ಸೂಕ್ಷ್ಮ. ಸ್ಟುಡಿಯೊ ದರ್ಜೆಯ ಬಹುತೇಕ ಕಂಡೆನ್ಸರ್‌ಗಳಿಗೆ ಆಡಿಯೊ ಇಂಟರ್‌ಫೇಸ್‌ನಿಂದ 48 ವೋಲ್ಟ್ 'ಫ್ಯಾಂಟಮ್ ಪವರ್' ಬೇಕು. ಆದರೆ ಆ ಸೂಕ್ಷ್ಮತೆಯೇ ಮನೆಯಲ್ಲಿ ತೊಡಕು. ಅಡುಗೆಮನೆಯ ಕುಕ್ಕರನ್ನೂ ಬೀದಿಯ ನಾಯಿಯನ್ನೂ ಅದು ಬಿಡದು. ಡೈನಮಿಕ್ ಮೈಕ್ ನಾಲ್ಕು ಬೆರಳಷ್ಟು ಸಮೀಪ ಮಾತನಾಡಿದರೆ ಸ್ಪಷ್ಟವಾಗಿ ಗ್ರಹಿಸುತ್ತದೆ, ಸುತ್ತಲಿನ ಸದ್ದು ಹಿಂದೆ ಸರಿಯುತ್ತದೆ. ವೇದಿಕೆಗಳಲ್ಲಿ ಇಂದಿಗೂ ಕಾಣುವ ಶೂರ್ ಎಸ್‌ಎಂ58 ಈ ಬಗೆಯದು. ಕಾಕತಾಳೀಯವೆಂಬಂತೆ ಅದು ಮಾರುಕಟ್ಟೆಗೆ ಬಂದದ್ದೂ 1966ರಲ್ಲೇ. ಇದರ ಸಂಕೇತ ಕ್ಷೀಣವಾದ್ದರಿಂದ ಇಂಟರ್‌ಫೇಸ್‌ನಲ್ಲಿ ಗೇನ್ ಸಾಕಷ್ಟಿರಬೇಕು.

ಮಹಾಪ್ರಾಣದ ವಿಷಯದಲ್ಲಿ ವಿಶೇಷ ಜಾಗ್ರತೆ ಅಗತ್ಯ. ಟಿಬೆಟನ್ ಭಾಷೆಯಲ್ಲಿ 'ಕವಾ' ಎಂದರೆ ಕಂಬ, 'ಖವಾ' ಎಂದರೆ ಹಿಮ. ವ್ಯತ್ಯಾಸವಿರುವುದು ಒಂದು ಉಸಿರಿನಲ್ಲಿ. ಆ ಉಸಿರು ನೇರವಾಗಿ ಬಡಿದರೆ ಮೈಕ್ 'ಧಪ್' ಎನ್ನುತ್ತದೆ. ಮೈಕನ್ನು ಬಾಯಿಯ ನೇರಕ್ಕಿಡದೆ ಓರೆಯಾಗಿಟ್ಟು ಸ್ಪಂಜಿನ ಟೋಪಿ ತೊಡಿಸುವುದೇ ಇದಕ್ಕೆ ಮದ್ದು. ಸದ್ದು ತೆಗೆಯುವ ತಂತ್ರಾಂಶವನ್ನು ಅತಿಯಾಗಿ ಬಳಸಿದರೆ ಅದು ಆ ಉಸಿರನ್ನೇ ಸದ್ದೆಂದು ಬಗೆದು ಅಳಿಸೀತು, ಹಿಮ ಕಂಬವಾದೀತು! ಬ್ಲೂಟೂತ್ ಹೆಡ್‌ಸೆಟ್‌ಗಳ ಮೈಕ್ ಸಾಮಾನ್ಯವಾಗಿ ಮೇಲಿನ ಆವರ್ತನಗಳನ್ನು ಕತ್ತರಿಸುವುದರಿಂದ ಈ ಕೆಲಸಕ್ಕೆ ಬೇಡ. ಮುಂಡಗೋಡದ ಡ್ರೆಪುಂಗ್ ಲೋಸೆಲಿಂಗ್ ಮಠದ ಲಾಮಾಗಳಂತೆ ತೀರ ಕೆಳಸ್ಥಾಯಿಯಲ್ಲಿ ಮಂತ್ರ ಪಠಿಸುವವರಿದ್ದರೆ 'ಲೋ ಕಟ್' ಗುಂಡಿಯನ್ನೂ ಒತ್ತಬಾರದು.

ಕೋಣೆಗೆ ಹಣ ಸುರಿಯಬೇಕಿಲ್ಲ. ಕಾಲೊನಿಯ ಮಗ್ಗಗಳಲ್ಲಿ ನೇಯ್ದ ದಪ್ಪ ಉಣ್ಣೆಯ ನೆಲಹಾಸು ಹಾಸಿ, ಮಾತನಾಡುವವರ ಎದುರು ಕಂಬಳಿ ಇಳಿಬಿಟ್ಟರೆ ಪ್ರತಿಧ್ವನಿ ಬಹಳಷ್ಟು ತಗ್ಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚು, ತಗಡಿನ ಮಾಡಿನ ಮೇಲೆ ಮಳೆ ಬೀಳುವಾಗ ಮಾತ್ರ ಯಾವ ಉಪಕರಣವೂ ಉಪಯೋಗಕ್ಕೆ ಬಾರದು. ಆ ದಿನಗಳಲ್ಲಿ ಕಂಡೆನ್ಸರ್ ಮೈಕನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಡಬ್ಬಿಯಲ್ಲಿ ಮುಚ್ಚಿಡಬೇಕು. 'ಗುಂಯ್' ಸದ್ದು ಕೇಳಿಬಂದರೆ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡಿ. ಎಷ್ಟೋ ಮನೆಗಳಲ್ಲಿ ದೋಷವಿರುವುದು ಅರ್ಥಿಂಗ್‌ನಲ್ಲಿ.

ಕಾಲರ್ ಮೈಕ್ ಕೊಳ್ಳುವಾಗ ಪಿನ್ ಪರಿಶೀಲಿಸಿ. ಮೊಬೈಲ್‌ನ 3.5 ಮಿಲಿಮೀಟರ್ ಜಾಕ್‌ಗೆ ಮೂರು ಕಪ್ಪು ಗೆರೆಯ ಪಿನ್ ಬೇಕು, ಕ್ಯಾಮೆರಾಗಳ ಪಿನ್‌ನಲ್ಲಿ ಎರಡೇ ಇರುತ್ತವೆ. ಜಾಕ್ ಇಲ್ಲದ ಫೋನ್‌ಗಳಿಗೆ ಯುಎಸ್‌ಬಿ-ಸಿ ಮೈಕ್ ನೇರ ದಾರಿ.

ಮುದ್ರಣವನ್ನು 48 ಕಿಲೊಹರ್ಟ್ಸ್, 24 ಬಿಟ್ 'ವೇವ್' ಕಡತವಾಗಿ ಉಳಿಸುವುದು ಲೇಸು. ಮೊನೊದಲ್ಲಿ ಗಂಟೆಗೆ ಸುಮಾರು 500 ಎಂಬಿ ತಗಲುತ್ತದೆ. ಏರುದನಿಯಲ್ಲೂ ಮಟ್ಟ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ. ಒಡೆದ ದನಿಯನ್ನು ಬಳಿಕ ಪೂರ್ತಿ ಸರಿಪಡಿಸಲಾಗದು. ಮೊದಲ ಎರಡು ನಿಮಿಷ ಮುದ್ರಿಸಿ ಹೆಡ್‌ಫೋನ್‌ನಲ್ಲಿ ಆಲಿಸಿದ ನಂತರವೇ ಅಜ್ಜಿಯನ್ನು ಕಥೆಗೆ ಎಳೆಯಿರಿ. ಎರಡನೆಯ ಸಲ ಹೇಳುವಾಗ ಅವರು ಅದನ್ನು ಅರ್ಧಕ್ಕೇ ಮುಗಿಸಿಬಿಡುತ್ತಾರೆ.