ಮಾದರಿ ರೇಸ್ ಕಾರುಗಳ ಬಣ್ಣ ಹೊಂದಾಣಿಕೆ

ಮಾದರಿ ರೇಸ್ ಕಾರುಗಳ ಬಣ್ಣ ಹೊಂದಾಣಿಕೆ ಎಂದರೆ ನಿಜವಾದ ರೇಸ್ ಕಾರೊಂದು ನಿರ್ದಿಷ್ಟ ಸ್ಪರ್ಧೆಯಲ್ಲಿ ಹೊಂದಿದ್ದ ಬಣ್ಣವನ್ನು ಅದರ ಕಿರುಮಾದರಿಯ ಮೇಲೆ ಮರುಸೃಷ್ಟಿಸುವ ಕ್ರಮ. ಇಂತಹ ಮಾದರಿಗಳನ್ನು ಸಾಮಾನ್ಯವಾಗಿ 1:12, 1:18, 1:20, 1:24 ಮತ್ತು 1:43 ಅನುಪಾತಗಳಲ್ಲಿ ತಯಾರಿಸಲಾಗುತ್ತದೆ. ಮೂಲ ಬಣ್ಣದ ಡಬ್ಬಿಯೇ ದೊರೆತರೂ ಮಾದರಿಯು ಮೂಲದಂತೆ ಕಾಣುವುದೆಂಬ ಖಾತರಿಯಿಲ್ಲ. ಕಾರಿಗೆ ಬಳಿದ ಬಣ್ಣ, ಛಾಯಾಚಿತ್ರದಲ್ಲಿ ಉಳಿದ ಬಣ್ಣ ಮತ್ತು ನೋಡುಗರ ನೆನಪಿನಲ್ಲಿರುವ ಬಣ್ಣ ಒಂದೇ ಆಗಿರುವುದು ಅಪರೂಪ. ಇವುಗಳಲ್ಲಿ ಯಾವುದನ್ನು ಅನುಸರಿಸಬೇಕೆಂಬುದನ್ನು ಮಾದರಿಕಾರನೇ ನಿರ್ಧರಿಸಬೇಕಾಗುತ್ತದೆ.

ರಾಷ್ಟ್ರೀಯ ಬಣ್ಣಗಳು

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರೇಸ್ ಕಾರುಗಳು ತಮ್ಮ ದೇಶದ ಬಣ್ಣವನ್ನು ಧರಿಸುತ್ತಿದ್ದವು. ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ, ಬ್ರಿಟನ್ನಿಗೆ ಹಸಿರು, ಜರ್ಮನಿಗೆ ಮೊದಲು ಬಿಳಿ, ನಂತರ ಬೆಳ್ಳಿ ಬಣ್ಣ ರೂಢಿಯಲ್ಲಿತ್ತು. ಇವು ಬಣ್ಣಗಳ ಹೆಸರುಗಳೇ ಹೊರತು ನಿಖರವಾದ ಛಾಯೆಗಳಲ್ಲ. ‘ಬ್ರಿಟಿಷ್ ರೇಸಿಂಗ್ ಗ್ರೀನ್’ ಎಂಬ ಒಂದೇ ಹೆಸರಿನಡಿ ಆಲಿವ್ ಹಸಿರಿನಿಂದ ಕಪ್ಪಿಗೆ ಸಮೀಪವಾದ ಕಡುಹಸಿರಿನವರೆಗೆ ಹಲವು ಛಾಯೆಗಳು ಬಳಕೆಯಾಗಿವೆ. ಆದ್ದರಿಂದ ಡಬ್ಬಿಯ ಮೇಲಿನ ಹೆಸರನ್ನು ನಂಬಿ ಲೋಟಸ್ ಕಾರಿಗೂ ವ್ಯಾನ್‌ವಾಲ್ ಕಾರಿಗೂ ಒಂದೇ ಹಸಿರನ್ನು ಬಳಿಯುವುದು ಸರಿಯಲ್ಲ. 1968ರಲ್ಲಿ ಲೋಟಸ್ ತಂಡವು ಗೋಲ್ಡ್ ಲೀಫ್ ಸಿಗರೇಟಿನ ಕೆಂಪು, ಬಿಳಿ ಮತ್ತು ಚಿನ್ನದ ಬಣ್ಣಗಳನ್ನು ಧರಿಸಿದ ಬಳಿಕ ಪ್ರಾಯೋಜಕರ ಬಣ್ಣಗಳು ರಾಷ್ಟ್ರೀಯ ಬಣ್ಣಗಳ ಸ್ಥಾನವನ್ನು ಆಕ್ರಮಿಸಿದವು.

ಆಧಾರಗಳು ಮತ್ತು ಅವುಗಳ ಮಿತಿ

ಬಣ್ಣದ ಸಂಕೇತಸಂಖ್ಯೆ ಲಭ್ಯವಿದ್ದರೆ ಅದು ಅತ್ಯುತ್ತಮ ಆರಂಭ. ಜರ್ಮನಿಯಲ್ಲಿ 1927ರಲ್ಲಿ ರೂಪುಗೊಂಡ ಆರ್‌ಎಎಲ್ ಮತ್ತು ಮುದ್ರಣಕ್ಕೆ ಬಳಸುವ ಪ್ಯಾಂಟೋನ್ ಪದ್ಧತಿಗಳಲ್ಲಿ ಪ್ರತಿ ಛಾಯೆಗೂ ಸಂಖ್ಯೆಯಿದೆ. ಆದರೆ ಹಳೆಯ ತಂಡಗಳು ಬಣ್ಣವನ್ನು ಕಾರ್ಯಾಗಾರದಲ್ಲಿಯೇ ಬೆರೆಸುತ್ತಿದ್ದುದೂ ಉಂಟು. ವಸ್ತುಸಂಗ್ರಹಾಲಯದ ಕಾರು ಹೆಚ್ಚು ವಿಶ್ವಾಸಾರ್ಹವೆಂದು ತೋರಿದರೂ ಅದು ಎಷ್ಟೋ ಬಾರಿ ಮರುಬಣ್ಣ ಕಂಡಿರುತ್ತದೆ. ಹಾಗಾಗಿ ಆ ಕಾರಿನಿಂದ ಬಣ್ಣವನ್ನು ಅಳೆಯುವವನು ಮೂಲ ತಂಡದ ಬಣ್ಣದ ಬದಲು ದುರಸ್ತಿಗಾರನ ಬಣ್ಣವನ್ನು ನಕಲು ಮಾಡುವ ಸಾಧ್ಯತೆಯಿದೆ.

ಛಾಯಾಚಿತ್ರಗಳು ಅನಿವಾರ್ಯ, ಆದರೆ ಫಿಲ್ಮಿನ ಬಗೆ, ಮೋಡ, ಸಂಜೆಯ ಬಿಸಿಲು, ಮುದ್ರಣದ ಮಸಿ ಎಲ್ಲವೂ ಛಾಯೆಯನ್ನು ಬದಲಿಸುತ್ತವೆ. ಅದೇ ಚಿತ್ರದಲ್ಲಿರುವ, ಬಣ್ಣ ಖಚಿತವಾಗಿ ಗೊತ್ತಿರುವ ವಸ್ತುವೊಂದರೊಡನೆ ಹೋಲಿಸಿ ನೋಡುವುದು ಸುರಕ್ಷಿತ ವಿಧಾನ. ಬಿಳಿಯ ಸಂಖ್ಯಾವೃತ್ತ ಅಥವಾ ಟೈರಿನ ಕಪ್ಪು ಇದಕ್ಕೆ ಒದಗುತ್ತದೆ. ಒಂದು ಬೆಳಕಿನಲ್ಲಿ ಪೂರ್ತಿ ಹೊಂದುವ ಎರಡು ಬಣ್ಣಗಳು ಮತ್ತೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣುವುದೂ ಉಂಟು. ಇದನ್ನು ಮೆಟಮೆರಿಸಂ ಎನ್ನುತ್ತಾರೆ. ಎಲ್‌ಇಡಿ ದೀಪದಡಿ ಬೆರೆಸಿದ ಬಣ್ಣವನ್ನು ಹಗಲಿನ ನೆರಳಿನಲ್ಲಿಯೂ ಪರೀಕ್ಷಿಸಬೇಕೆನ್ನುವುದು ಇದೇ ಕಾರಣಕ್ಕೆ.

ಪ್ರತಿದೀಪ್ತ ಕೆಂಪಿನ ಸಮಸ್ಯೆ

ಮಾದರಿಕಾರರನ್ನು ಅತಿ ಹೆಚ್ಚು ಕಾಡಿದ ಬಣ್ಣ ಮಾರ್ಲ್‌ಬೊರೊ ಪ್ರಾಯೋಜಿತ ಮೆಕ್‌ಲಾರೆನ್ ಕಾರುಗಳದ್ದು. 1988ರ ಋತುವಿನ 16 ಸ್ಪರ್ಧೆಗಳಲ್ಲಿ 15ನ್ನು ಗೆದ್ದ ಎಂಪಿ4/4 ಈ ಸರಣಿಯ ಪ್ರಸಿದ್ಧ ಕಾರು. ಸಿಗರೇಟು ಪೊಟ್ಟಣದ ಕೆಂಪಿಗೆ ಬದಲಾಗಿ ಈ ಕಾರಿನ ಮೇಲೆ ಫ್ಲೋರೊಸೆಂಟ್ ಎನ್ನಲಾಗುವ ಪ್ರತಿದೀಪ್ತ ಕಿತ್ತಳೆಗೆಂಪನ್ನು ಬಳಿಯಲಾಗಿತ್ತು. ದೂರದರ್ಶನದ ಪರದೆಯಲ್ಲಿ ಅದು ಪೊಟ್ಟಣದ ಕೆಂಪಿನಂತೆಯೇ ಕಾಣುತ್ತಿತ್ತು. ಪ್ರತಿದೀಪ್ತ ವರ್ಣದ್ರವ್ಯವು ಅತಿನೇರಳೆ ಹಾಗೂ ನೀಲಿ ಬೆಳಕನ್ನು ಹೀರಿ ಅದನ್ನು ಕೆಂಪಿನ ಭಾಗದಲ್ಲಿ ಹೊರಸೂಸುತ್ತದೆ. ಹಾಗಾಗಿ ಅದು ತನ್ನ ಮೇಲೆ ಬಿದ್ದುದಕ್ಕಿಂತಲೂ ಹೆಚ್ಚು ಕೆಂಪು ಬೆಳಕನ್ನು ಕಣ್ಣಿಗೆ ಮರಳಿಸುತ್ತದೆ. ಈ ಗುಣವನ್ನು ಸಾಮಾನ್ಯ ಮುದ್ರಣದ ಮಸಿಯಾಗಲಿ ಗಣಕದ ಪರದೆಯಾಗಲಿ ಯಥಾವತ್ತಾಗಿ ತೋರಿಸಲಾರದು. ಪುಸ್ತಕದ ಚಿತ್ರವನ್ನು ನೋಡಿ ಸಾಮಾನ್ಯ ಕೆಂಪು ಬಳಿದ ಎಂಪಿ4/4 ಮಾದರಿಗಳು ಮಂಕಾಗಿ ಕಾಣಲು ಇದೇ ಕಾರಣ.

ಜಪಾನಿನ ತಮಿಯಾ ಕಂಪನಿಯು ಇಂತಹ ಕಾರುಗಳಿಗೆ ಟಿಎಸ್-36 ಎಂಬ ಪ್ರತಿದೀಪ್ತ ಕೆಂಪು ಸ್ಪ್ರೇ ಬಣ್ಣವನ್ನು ಮಾರುತ್ತದೆ. ಫೆರಾರಿ ಮೊದಲಾದ ಕಾರುಗಳಿಗೆ ಬಳಕೆಯಲ್ಲಿರುವ ಟಿಎಸ್-8 ‘ಇಟಾಲಿಯನ್ ರೆಡ್’ ಇದಕ್ಕಿಂತ ಭಿನ್ನ. ಪ್ರತಿದೀಪ್ತ ಬಣ್ಣಕ್ಕೆ ಮರೆಮಾಡುವ ಶಕ್ತಿ ಕಡಿಮೆಯಿರುವುದರಿಂದ ಅಚ್ಚ ಬಿಳಿಯ ತಳಬಣ್ಣ ಅಗತ್ಯ. ಬೂದು ತಳದ ಮೇಲೆ ಅದು ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ. ಬಿಸಿಲಿಗೆ ಇದು ಬೇಗನೆ ಮಾಸುವುದರಿಂದ ಮಾದರಿಯನ್ನು ಕಿಟಕಿಯ ಬಳಿ ಇಡಬಾರದು.

ಫೋರ್ಸ್ ಇಂಡಿಯಾ ಕಾರುಗಳು

ಕರ್ನಾಟಕದೊಡನೆ ನಂಟುಳ್ಳ ಉದಾಹರಣೆ ಫೋರ್ಸ್ ಇಂಡಿಯಾ ತಂಡದ್ದು. ಬೆಂಗಳೂರಿನ ಯುಬಿ ಸಮೂಹದ ಅಧ್ಯಕ್ಷರಾಗಿದ್ದ ವಿಜಯ್ ಮಲ್ಯ ಅವರ ಪಾಲುದಾರಿಕೆಯಲ್ಲಿ 2008ರಿಂದ 2018ರವರೆಗೆ ಫಾರ್ಮುಲಾ ಒನ್‌ನಲ್ಲಿದ್ದ ಈ ತಂಡದ ಕಾರ್ಯಾಗಾರ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿತ್ತು. ಬೆಲ್ಜಿಯಂ ಗ್ರ್ಯಾನ್ ಪ್ರಿಯಲ್ಲಿ 2009ರಲ್ಲಿ ಜಾನ್‌ಕಾರ್ಲೊ ಫಿಸಿಕೆಲ್ಲಾ ಮೊದಲ ಸಾಲಿನ ಮೊದಲ ಸ್ಥಾನದಿಂದ ಹೊರಟು ಎರಡನೆಯವರಾಗಿ ಮುಗಿಸಿದ ವಿಜೆಎಂ02 ಕಾರು ಬಿಳಿಯ ಮೇಲೆ ಕೇಸರಿ ಮತ್ತು ಹಸಿರು ಬಣ್ಣಗಳನ್ನು ಹೊಂದಿತ್ತು.

ಇಲ್ಲಿ ರಾಷ್ಟ್ರಧ್ವಜದ ಕೇಸರಿಯನ್ನೇ ಪ್ರಮಾಣವಾಗಿಟ್ಟುಕೊಳ್ಳುವ ಆಸೆ ಸಹಜ. ಧ್ವಜದ ಬಣ್ಣಗಳಿಗೆ ಐಎಸ್ 1 ಎಂಬ ಭಾರತೀಯ ಮಾನಕವಿದ್ದು, ಅದು ಛಾಯೆಗಳನ್ನು ಹೆಸರಿನಿಂದಷ್ಟೇ ಹೇಳದೆ ಅಂಕಿಗಳಲ್ಲಿ ನಿಗದಿಪಡಿಸುತ್ತದೆ. ಹುಬ್ಬಳ್ಳಿಯ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಖಾದಿ ಧ್ವಜಗಳು ತಯಾರಾಗುವುದು ಇದೇ ಮಾನಕದಂತೆ. ಆದರೆ ಅದು ಬಣ್ಣ ಹಾಕಿದ ಬಟ್ಟೆಗೆ ಅನ್ವಯಿಸುವ ಮಾನಕ. ಮೇಲೆ ಪಾರದರ್ಶಕ ಲೇಪವಿರುವ ಹೊಳಪಿನ ಕಾರಿನ ಮೈಗೆ ಅದನ್ನು ನೇರವಾಗಿ ಅನ್ವಯಿಸಲಾಗದು. ಇಲ್ಲಿಯೂ ಕಾರಿನ ಚಿತ್ರಗಳೇ ಮುಖ್ಯ ಆಧಾರ.

2017ರ ವಿಜೆಎಂ10 ಇನ್ನೊಂದು ಎಚ್ಚರಿಕೆ ನೀಡುತ್ತದೆ. ಫೆಬ್ರುವರಿಯಲ್ಲಿ ಬೆಳ್ಳಿ ಬಣ್ಣ ಪ್ರಧಾನವಾಗಿ ಅನಾವರಣಗೊಂಡ ಈ ಕಾರು, ಆಸ್ಟ್ರಿಯಾದ ಬಿಡಬ್ಲ್ಯುಟಿ ಕಂಪನಿಯ ಪ್ರಾಯೋಜಕತ್ವ ದೊರೆತ ಮೇಲೆ ಮಾರ್ಚ್‌ನಲ್ಲಿ ಗುಲಾಬಿ ಬಣ್ಣ ತಳೆಯಿತು. ಅನಾವರಣದ ಚಿತ್ರವನ್ನು ನೆಚ್ಚಿ ಬಣ್ಣ ಬಳಿದ ಮಾದರಿಯು ಆ ವರ್ಷ ಯಾವ ಸ್ಪರ್ಧೆಯಲ್ಲಿಯೂ ಓಡದ ಕಾರನ್ನು ತೋರಿಸುತ್ತದೆ.

ಅನುಪಾತದ ಪರಿಣಾಮ

ದೂರದಿಂದ ನೋಡಿದ ವಸ್ತುವಿನ ಬಣ್ಣ ತಿಳಿಯಾಗಿ ಕಾಣುತ್ತದೆ. ಕಿರುಮಾದರಿಯನ್ನು ನೋಡುವುದು ದೊಡ್ಡ ಕಾರನ್ನು ದೂರದಿಂದ ನೋಡಿದಂತೆ ಎಂಬ ವಾದದ ಮೇರೆಗೆ ಕೆಲವರು ಮೂಲ ಬಣ್ಣಕ್ಕೆ ತುಸು ಬಿಳಿ ಬೆರೆಸುತ್ತಾರೆ. ಯುದ್ಧವಿಮಾನಗಳ ಮಾದರಿಗಳಲ್ಲಿ ಇದು ವ್ಯಾಪಕವಾಗಿದ್ದರೂ, ಹೊಳಪಿನ ರೇಸ್ ಕಾರುಗಳಲ್ಲಿ ಬಣ್ಣ ಸುಣ್ಣದಂತೆ ಪೇಲವವಾಗುವ ಅಪಾಯವಿದೆ. ಲೋಹೀಯ ಬಣ್ಣಗಳಲ್ಲಿ ಕಣದ ಗಾತ್ರ ಹೆಚ್ಚು ಗಂಭೀರ ವಿಷಯ. ನಿಜವಾದ ಕಾರಿನ ಬಣ್ಣದಲ್ಲಿರುವ 20 ಮೈಕ್ರಾನ್‌ನ ಅಲ್ಯೂಮಿನಿಯಂ ಕಣವು 1:20 ಮಾದರಿಯ ಮೇಲೆ ಕುಳಿತರೆ ಅದು ಮೂಲ ಕಾರಿನಲ್ಲಿ 0.4 ಮಿ.ಮೀ. ಕಣವಿದ್ದಂತೆ. ಹಾಗಾಗಿ ಗ್ಯಾರೇಜಿನ ಬಣ್ಣ ಛಾಯೆಯಲ್ಲಿ ಸರಿಯಿದ್ದರೂ ನೋಟದಲ್ಲಿ ತಪ್ಪಾಗುತ್ತದೆ.

ಹವಾಮಾನ

ಅಂಗಡಿಯಿಂದ ತಂದ ಸರಿಯಾದ ಬಣ್ಣವೂ ಬಳಿಯುವಾಗ ಕೆಡಬಹುದು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇಂತಹ ಬಿಸಿಯಲ್ಲಿ ಏರ್‌ಬ್ರಷ್‌ನಿಂದ ಹೊರಟ ಲ್ಯಾಕರ್ ಹನಿಗಳು ಮಾದರಿಯನ್ನು ತಲುಪುವ ಮೊದಲೇ ಅರ್ಧ ಒಣಗಿ ಮೇಲ್ಮೈ ಮರಳಿನಂತೆ ಒರಟಾಗುತ್ತದೆ, ಬಣ್ಣವೂ ತಿಳಿಯಾಗಿ ಕಾಣುತ್ತದೆ. ನಿಧಾನವಾಗಿ ಆರುವ ಥಿನ್ನರ್ ಬಳಸುವುದು ಮತ್ತು ಬೆಳಗಿನ ಜಾವದಲ್ಲಿ ಕೆಲಸ ಮುಗಿಸುವುದು ಇದಕ್ಕೆ ಪರಿಹಾರ. ಮಳೆಗಾಲದಲ್ಲಿ ಕಥೆ ತಿರುಗುಮುರುಗು. ದ್ರಾವಕ ಆವಿಯಾಗುವಾಗ ಮೇಲ್ಮೈ ತಣಿದು ಗಾಳಿಯ ತೇವ ಅದರ ಮೇಲೆ ಸಾಂದ್ರೀಕರಿಸಿ ಬಿಳಿಯ ಮಂಜು ಕಟ್ಟುತ್ತದೆ. ಕಡುನೀಲಿ ಮತ್ತು ಕಪ್ಪು ಕಾರುಗಳಲ್ಲಿ ಇದು ಎದ್ದು ಕಾಣುತ್ತದೆ. ಸುಣ್ಣಕಲ್ಲಿನ ಗಣಿಗಳೂ ಸಿಮೆಂಟ್ ಕಾರ್ಖಾನೆಗಳೂ ಇರುವ ವಾಡಿ, ಸೇಡಂ ಮುಂತಾದೆಡೆ ಧೂಳೂ ಸೇರಿಕೊಳ್ಳುವುದರಿಂದ, ಹಸಿ ಬಣ್ಣದ ಮಾದರಿಯನ್ನು ಬಳಿದ ಕೂಡಲೇ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡುವುದು ರೂಢಿಸಿಕೊಳ್ಳಬೇಕಾದ ಕ್ರಮ.