ಸರಳರೇಖೆಯ ಗಣಕಪ್ರವೇಶ

ಎರಡು ಬಿಂದುಗಳನ್ನು ಸರಳರೇಖೆಯಿಂದ ಕೂಡಿಸುವುದು ರೇಖಾಗಣಿತದ ವಿದ್ಯಾರ್ಥಿಗೆ ಆರಂಭದ ಪಾಠವಾದರೂ, ಚೌಕಳಿಯ ಮನೆಗಳಲ್ಲಲ್ಲದೆ ಬೇರೆಲ್ಲಿಯೂ ಚುಕ್ಕೆಯಿಡಲರಿಯದ ಗಣಕಯಂತ್ರಕ್ಕೆ ಅದು ಸುಲಭಸಾಧ್ಯವಾದ ಕಾರ್ಯವಲ್ಲ. ನಿಜವಾದ ರೇಖೆಯು ಮನೆಗಳ ನಡುನಡುವೆ ಹಾಯ್ದುಹೋಗುವುದರಿಂದ, ಅದಕ್ಕೆ ಅತ್ಯಂತ ಸಮೀಪವಾದ ಮನೆ ಯಾವುದೆಂಬುದನ್ನು ಹೆಜ್ಜೆಹೆಜ್ಜೆಗೂ ನಿರ್ಣಯಿಸಬೇಕಾಗುತ್ತದೆ.

ಈ ನಿರ್ಣಯಕ್ಕೆ ಅತಿ ಮಿತವ್ಯಯದ ಕ್ರಮವೊಂದನ್ನು 1962ರಲ್ಲಿ ರೂಪಿಸಿದವರು, ಅಮೆರಿಕದ ಸ್ಯಾನ್ ಹೋಸೆಯಲ್ಲಿ ಐಬಿಎಂ ಸಂಸ್ಥೆಯ ಪ್ರಯೋಗಾಲಯದಲ್ಲಿದ್ದ ಜ್ಯಾಕ್ ಬ್ರೆಸೆನ್‌ಹ್ಯಾಮ್. ಅವರ ಮುಂದಿದ್ದುದು ಪರದೆಯಲ್ಲ. 1401 ಎಂಬ ಗಣಕಕ್ಕೆ ಜೋಡಿಸಿದ್ದ, ಕಾಗದದ ಮೇಲೆ ಲೇಖನಿಯನ್ನು ಎಂಟೇ ದಿಕ್ಕುಗಳಲ್ಲಿ ಸರಿಸಬಲ್ಲ ಕ್ಯಾಲ್‌ಕಾಂಪ್ ಪ್ಲಾಟರ್. ಗುಣಾಕಾರ ಭಾಗಾಕಾರಗಳು ಆ ಕಾಲದ ಯಂತ್ರಗಳಿಗೆ ದುಬಾರಿಯಾಗಿದ್ದುದರಿಂದ, ಹೆಜ್ಜೆಹೆಜ್ಜೆಗೂ ಸಂಚಯವಾಗುವ ದೋಷವನ್ನು ಒಂದು ಪೂರ್ಣಾಂಕದಲ್ಲಿ ಹಿಡಿದಿಟ್ಟು, ಅದು ಋಣವಾದರೆ ನೇರವಾಗಿಯೂ ಧನವಾದರೆ ಓರೆಯಾಗಿಯೂ ಮುಂದುವರಿಯುವಂತೆ, ಬರಿಯ ಸಂಕಲನ ವ್ಯವಕಲನಗಳಿಂದಲೇ ಅವರು ಕಾರ್ಯವನ್ನು ಸಾಧಿಸಿದರು. ಐದು ಮನೆ ಬಲಕ್ಕೂ ಎರಡು ಮನೆ ಮೇಲಕ್ಕೂ ಸಾಗಬೇಕಾದ ರೇಖೆಯು ಈ ಕ್ರಮದಲ್ಲಿ ನೇರ, ಓರೆ, ನೇರ, ಓರೆ, ನೇರ ಎಂದು ಐದೇ ಹೆಜ್ಜೆಗಳಲ್ಲಿ ಗುರಿಮುಟ್ಟುತ್ತದೆ. 1965ರಲ್ಲಿ ಐಬಿಎಂ ಸಂಸ್ಥೆಯ ನಿಯತಕಾಲಿಕದಲ್ಲಿ ಪ್ರಕಟವಾದ ಈ ಕ್ರಮವು, ಚುಕ್ಕೆಗಳಿಂದ ಚಿತ್ರ ಮೂಡಿಸುವ ಪರದೆಗಳು ಬಂದಾಗ, ಲೇಖನಿಯ ಹೆಜ್ಜೆಯ ಸ್ಥಾನದಲ್ಲಿ ಪಿಕ್ಸೆಲ್ ಎಂಬ ಚುಕ್ಕೆಯನ್ನಿರಿಸಿಕೊಂಡು ಅಲ್ಲಿಯೂ ನೆಲೆಸಿತು.

ಜಾಲಪುಟಗಳ ಆದಿಕಾಲದಲ್ಲಿ ಈ ವಿದ್ಯೆಗೆ ಅಲ್ಲಿ ಸ್ಥಾನವೇ ಇರಲಿಲ್ಲ. 1995ರ ಎಚ್‌ಟಿಎಂಎಲ್ 2.0 ಭಾಷೆಯಲ್ಲಿದ್ದುದು ಪುಟವನ್ನು ವಿಭಾಗಿಸುವ ಅಡ್ಡಗೆರೆಯೊಂದೇ; ಓರೆಗೆರೆ ಬೇಕಾದವರು ಚಿತ್ರವನ್ನೇ ಅಂಟಿಸಬೇಕಾಗಿತ್ತು, ಇಲ್ಲವೆ ಜಾವಾಸ್ಕ್ರಿಪ್ಟಿನ ನೆರವಿನಿಂದ ಕಿರುಚೌಕಗಳನ್ನು ಸಾಲಾಗಿ ಜೋಡಿಸಬೇಕಾಗಿತ್ತು. ಹೀಗೆ ಜೋಡಿಸಹೊರಟವರಿಗೆ ಆಶ್ರಯವಾದುದು ಪ್ಲಾಟರಿಗಾಗಿ ಹುಟ್ಟಿದ ಆ ಹಳೆಯ ಲೆಕ್ಕವೇ. 2001ರಲ್ಲಿ ಅಂಗೀಕೃತವಾದ ಎಸ್‌ವಿಜಿ ಎಂಬ ಚಿತ್ರಭಾಷೆಯು, ತುದಿಗಳೆರಡರ ನಿರ್ದೇಶಾಂಕಗಳನ್ನು ಹೇಳಿದರೆ ಸಾಕೆನ್ನುವಷ್ಟು ಕಾರ್ಯವನ್ನು ಸರಳಗೊಳಿಸಿತು. 2004ರಲ್ಲಿ ಆಪಲ್ ಸಂಸ್ಥೆಯು ತಂದ, ಜಾಲಪುಟದೊಳಗಿನ ಚಿತ್ರಫಲಕವಾದ ಕ್ಯಾನ್ವಾಸ್, ಲೇಖನಿಯನ್ನು ಇಲ್ಲಿಗೆ ಒಯ್ಯು, ಅಲ್ಲಿಯವರೆಗೆ ಗೆರೆಯೆಳೆ ಎಂಬ ಪ್ಲಾಟರಿನ ರೀತಿಯ ಆಜ್ಞೆಗಳನ್ನೇ ಪುನಃ ಬಳಕೆಗೆ ತಂದಿತು.

ಆದರೂ ಚೌಕಳಿಯ ನಿಯಮದಿಂದ ರೇಖೆಗೆ ಬಿಡುಗಡೆಯಿಲ್ಲ. ಕ್ಯಾನ್ವಾಸಿನಲ್ಲಿ ಪೂರ್ಣಾಂಕಗಳು ಮನೆಗಳ ಅಂಚುಗಳನ್ನು ಸೂಚಿಸುವವೇ ಹೊರತು ಮಧ್ಯಗಳನ್ನಲ್ಲ. ಆದಕಾರಣ 10ರ ಸ್ಥಾನದಲ್ಲಿ ಎಳೆದ ಒಂದು ಪಿಕ್ಸೆಲಿನ ಲಂಬರೇಖೆಯು ಎರಡು ಮನೆಗಳಿಗೆ ಹಂಚಿಹೋಗಿ ಮಸುಕಾಗುವುದು, 10.5ರಲ್ಲಿ ಎಳೆದುದು ಸ್ಪಷ್ಟವಾಗಿ ನಿಲ್ಲುವುದು. ಆಜ್ಞೆಯನ್ನು ಕಂಠಪಾಠ ಮಾಡಿದವನಿಗೆ ಈ ಅರ್ಧಾಂಕವು ಮಂತ್ರದಂತೆ ತೋರೀತು. ಚೌಕಳಿಯ ಹಾಳೆಯ ಮೇಲೆ ಒಮ್ಮೆ ಬ್ರೆಸೆನ್‌ಹ್ಯಾಮರ ಲೆಕ್ಕವನ್ನು ಕೈಯಾರೆ ಮಾಡಿದ ವಿದ್ಯಾರ್ಥಿಗೆ ಅದರ ಕಾರಣವು ತಾನೇ ಹೊಳೆಯುವುದು. ಅದಕ್ಕಾಗಿಯೇ ಈ ಇತಿಹಾಸವು ಗಣಕಶಿಕ್ಷಣದ ಮೊದಲಿಗೇ ಬರಬೇಕು.