ಆನುವಂಶಿಕ ಆಪ್ತಸಮಾಲೋಚನೆ

ವಂಶದಲ್ಲಿ ಹರಿದುಬರುವ ಕಾಯಿಲೆಯ ಸಾಧ್ಯತೆ ಎಷ್ಟು, ಜೀನ್ ಪರೀಕ್ಷೆಯಿಂದ ಏನು ತಿಳಿಯುತ್ತದೆ, ತಿಳಿದ ಮೇಲೆ ಇರುವ ದಾರಿಗಳೇನು ಎಂಬುದನ್ನು ಕುಟುಂಬಕ್ಕೆ ವಿವರಿಸಿ, ತೀರ್ಮಾನವನ್ನು ಅವರಿಗೇ ಬಿಡುವ ವೈದ್ಯಕೀಯ ಸೇವೆ.

ಆರಂಭ: 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದಲ್ಲಿ ಇಂಥ ಸಲಹೆ ಸುಜನನವಾದಿಗಳ ಹಿಡಿತದಲ್ಲಿತ್ತು. ಯಾರು ಮಕ್ಕಳನ್ನು ಪಡೆಯಬಾರದು ಎಂಬುದನ್ನು ತಜ್ಞರೇ ನಿರ್ಧರಿಸುವ ಧೋರಣೆ ಅವರದು. ಆ ನಂಟು ಕಳಚಿಕೊಳ್ಳಲು ಮಿನ್ನೆಸೋಟ ವಿಶ್ವವಿದ್ಯಾಲಯದ ಷೆಲ್ಡನ್ ರೀಡ್ 1947ರಲ್ಲಿ 'ಜೆನೆಟಿಕ್ ಕೌನ್ಸೆಲಿಂಗ್' ಎಂಬ ಹೆಸರನ್ನು ಬಳಕೆಗೆ ತಂದರು. 1969ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾರಾ ಲಾರೆನ್ಸ್ ಕಾಲೇಜು ಈ ವಿಷಯದಲ್ಲಿ ಮೊದಲ ಸ್ನಾತಕೋತ್ತರ ಶಿಕ್ಷಣ ಆರಂಭಿಸಿತು.

ಹಂಟಿಂಗ್ಟನ್ ಕಾಯಿಲೆಯ ಪಾತ್ರ: ಪರೀಕ್ಷೆಗೆ ಮುನ್ನ ಮತ್ತು ಫಲಿತಾಂಶದ ನಂತರ ಸಮಾಲೋಚನೆ ನಡೆಸುವ ಕ್ರಮ ರೂಪುಗೊಂಡದ್ದು ಮುಖ್ಯವಾಗಿ ಈ ಕಾಯಿಲೆಯಿಂದ. ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ತಲೆದೋರಿ ಮಿದುಳನ್ನು ಕುಗ್ಗಿಸುವ ಇದು, ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಶೇ. 50. 1983ರಲ್ಲಿ ಜೇಮ್ಸ್ ಗುಸೆಲ್ಲಾ, ನ್ಯಾನ್ಸಿ ವೆಕ್ಸ್ಲರ್ ಮತ್ತು ಸಂಗಡಿಗರು ಇದರ ಸುಳಿವನ್ನು 4ನೆಯ ವರ್ಣತಂತುವಿನಲ್ಲಿ ಪತ್ತೆಮಾಡಿದರು. ಲಕ್ಷಣ ಕಾಣುವ ಮೊದಲೇ ಭವಿಷ್ಯ ಹೇಳಬಲ್ಲ ಪರೀಕ್ಷೆ ಕೆಲವೇ ವರ್ಷಗಳಲ್ಲಿ ಬಂತು. ಗುಣಪಡಿಸುವ ಮದ್ದು ಮಾತ್ರ ಬರಲಿಲ್ಲ. ರೋಗಿಯ ಮೊಮ್ಮಗಳು ಪರೀಕ್ಷೆ ಮಾಡಿಸಿಕೊಂಡು ಜೀನ್ ಇದೆಯೆಂದಾದರೆ, ಕೇಳದಿದ್ದ ತಂದೆಯ ಗುಟ್ಟೂ ಬಯಲಾಗುತ್ತಿತ್ತು.

ಆದ್ದರಿಂದ ರೋಗಿಗಳ ಸಂಘಟನೆಗಳೂ ನರತಜ್ಞರೂ ಸೇರಿ ಅಂತರರಾಷ್ಟ್ರೀಯ ಮಾರ್ಗಸೂಚಿ ರಚಿಸಿದರು. 1993ರಲ್ಲಿ ಜೀನೇ ಸಿಕ್ಕಿ ನೇರ ಪರೀಕ್ಷೆ ಸಾಧ್ಯವಾದಾಗ, 1994ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ವಯಸ್ಕರಿಗೆ ಮಾತ್ರ ಪರೀಕ್ಷೆ, ಅದಕ್ಕೆ ಮುನ್ನ ವಿವರಣೆ ಮತ್ತು ಯೋಚಿಸಲು ಕಾಲಾವಕಾಶ, ಜೊತೆಗೊಬ್ಬ ಆಪ್ತರು, ಮುಖಾಮುಖಿಯಾಗಿ ಫಲಿತಾಂಶ, ಆಮೇಲೂ ಭೇಟಿ ಇವು ಅದರ ಮುಖ್ಯಾಂಶಗಳು. ರಕ್ತ ಕೊಟ್ಟ ಮೇಲೂ ಫಲಿತಾಂಶ ಬೇಡವೆನ್ನಬಹುದು. ಹಂಟಿಂಗ್ಟನ್ ಕುಟುಂಬಗಳಲ್ಲಿ ಬಹುಪಾಲು ಮಂದಿ ಪರೀಕ್ಷೆಗೆ ಮುಂದಾಗದಿದ್ದುದರಿಂದ, ತಿಳಿಯದೇ ಇರುವ ಹಕ್ಕೂ ಚರ್ಚೆಯ ಕೇಂದ್ರಕ್ಕೆ ಬಂತು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ ಬಿಆರ್‌ಸಿಎ 1 ಮತ್ತು 2 ಜೀನ್‌ಗಳು 1994-95ರಲ್ಲಿ ಪತ್ತೆಯಾದಾಗ ಇದೇ ಕ್ರಮ ಅಲ್ಲಿಗೂ ಹಬ್ಬಿತು. ಆದರೆ ಇಲ್ಲಿ ಆಗಾಗ ತಪಾಸಣೆ, ಶಸ್ತ್ರಚಿಕಿತ್ಸೆಯಂಥ ತಡೆಗಟ್ಟುವ ದಾರಿಗಳಿದ್ದುದರಿಂದ ಮಾತುಕತೆಯ ಸ್ವರೂಪ ಬದಲಾಯಿತು.

ಭಾರತದಲ್ಲಿ: ಭ್ರೂಣಲಿಂಗ ಪತ್ತೆಯನ್ನು ತಡೆಯಲು ಬಂದ 1994ರ ಪ್ರಸವಪೂರ್ವ ರೋಗಪತ್ತೆ ಕಾಯಿದೆ ಆನುವಂಶಿಕ ಸಮಾಲೋಚನಾ ಕೇಂದ್ರಗಳ ನೋಂದಣಿಯನ್ನು ಕಡ್ಡಾಯಗೊಳಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಂಟಿಂಗ್ಟನ್ ಕುಟುಂಬಗಳಿಗೆ ಪರೀಕ್ಷೆಯ ಜೊತೆ ಸಮಾಲೋಚನೆಯೂ ದೊರೆಯುತ್ತದೆ. ಕರ್ನಾಟಕದಲ್ಲಿ ಸೋದರಮಾವ ಮತ್ತು ಅಕ್ಕನ ಮಗಳ ಮದುವೆ ರೂಢಿಯಲ್ಲಿರುವುದರಿಂದ ವಂಶವೃಕ್ಷ ಬರೆದುಕೊಳ್ಳುವಾಗ ದಂಪತಿ ರಕ್ತಸಂಬಂಧಿಗಳೇ ಎಂಬ ಪ್ರಶ್ನೆಗೆ ವಿಶೇಷ ಮಹತ್ವವಿದೆ: ಅಂಥ ದಂಪತಿಯ ಮಗುವಿನಲ್ಲಿ ಒಂದು ಜೀನಿನ ಎರಡೂ ಪ್ರತಿಗಳು ಒಂದೇ ಮೂಲಪ್ರತಿಯಿಂದ ಇಳಿದುಬಂದಿರುವ ಸಾಧ್ಯತೆ 8ರಲ್ಲಿ 1.